ಮೂರು ತೆಳು ಹಾಳೆಯ ದೋಣಿ

(ಮಹಿಳಾ ಸ್ವಸಹಾಯ ಸಂಘಗಳ ಮಹಾಸಂಘದ ಸಭೆಯಲ್ಲಿ ನಮ್ಮ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ. ಹೊಸ ಉದ್ಯೋಗಕ್ಕೆ ಸಾಲ ಕೇಳುವ ಮೊದಲು ಎಲ್ಲ ಸಂಘಗಳೂ ಇದನ್ನು ಒಮ್ಮೆ ಸಭೆಯಲ್ಲಿ ಓದಿ ಚರ್ಚಿಸಬೇಕೆಂದು ಕೋರಿಕೆ.)



ನಾನು ಭಾಷಣ ಮಾಡಿ ಅಭ್ಯಾಸ ಇಲ್ಲದವಳು. ಸಂಘದ ಸಭೆಯಲ್ಲಿ ಲೆಕ್ಕ ಓದಿದ್ದೇನೆ, ಅಷ್ಟೇ. ಆದರೆ ಈ ವರ್ಷ ಮೂರು ಸಂಘದವರು ರೆಸಿನ್ ಕೆಲಸಕ್ಕೆ ಸಾಲ ಬೇಕು ಅಂತ ಅರ್ಜಿ ಕೊಟ್ಟಿದ್ದಾರೆ. ಒಂದು ಸಂಘದವರಿಗೆ ದೋಣಿ ರಿಪೇರಿ ಘಟಕ ಮಾಡುವ ಆಸೆ. ಇನ್ನಿಬ್ಬರಿಗೆ ಕೀ ಚೈನು, ತಟ್ಟೆ, ಗೋಡೆಗೆ ಹಾಕುವ ಗಡಿಯಾರ ಇಂಥದ್ದು ಮಾಡುವ ಆಸೆ. "ನೀನು ಈ ಅಂಟಿನ ಜೊತೆ ಆರು ವರ್ಷ ಕಳೆದವಳು, ಅದರ ಒಳ್ಳೇದು ಕೆಟ್ಟದ್ದು ಎರಡೂ ಹೇಳು" ಎಂದು ಕಾರ್ಯಕರ್ತೆ ಅಕ್ಕ ಹೇಳಿದರು. ಅದಕ್ಕೇ ನಿಂತಿದ್ದೇನೆ. ನನ್ನ ಕೈ ನೋಡಿ. ಈ ಮಣಿಕಟ್ಟಿನ ಮೇಲಿನ ಕಪ್ಪು ಕಲೆ ಗೇರುಬೀಜದ ಎಣ್ಣೆಯದಲ್ಲ. ಅದು ಏನು ಅಂತ ಆಮೇಲೆ ಹೇಳ್ತೇನೆ. ಮೊದಲು ದೋಣಿಯ ಕಥೆ ಹೇಳ್ತೇನೆ.

ಹೊಲಿದ ದೋಣಿಯಿಂದ ಅಂಟಿಸಿದ ದೋಣಿಗೆ

ನಮ್ಮ ಅಪ್ಪ ರಾಂಪಣಿ ದೋಣಿಯಲ್ಲಿ ಪಾಲು ಇದ್ದವರು. ಬಂಗುಡೆ ಕಾಲದಲ್ಲಿ ಊರಿಗೆ ಊರೇ ದಡದಲ್ಲಿ ನಿಂತು ಬಲೆ ಎಳೆಯುತ್ತಿದ್ದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದ ಮೇಲೆ ಅದು ನಿಂತುಹೋಯಿತು. ಆ ರಾಂಪಣಿ ದೋಣಿಗೆ ಹಲಗೆ ಜೋಡಿಸಲು ಮೊಳೆ ಇರಲಿಲ್ಲ. ಹಲಗೆಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಆ ಹುರಿ ಹೊಸೆಯುತ್ತಿದ್ದವರು ಯಾರು? ಮನೆಯ ಹೆಂಗಸರು. ದೋಣಿ ಕಟ್ಟುವುದು ಗಂಡಸರ ಕೆಲಸ ಅಂತ ಹೇಳುವವರು ಈ ಮಾತು ಮರೆಯುತ್ತಾರೆ.

ಈ ಹೊಲಿಗೆ ವಿದ್ಯೆ ಸತ್ತಿಲ್ಲ. ಹಲಗೆ ಹೊಲಿದು ಕಟ್ಟಿದ 'ಕೌಂಡಿನ್ಯ' ಎಂಬ ಹಡಗನ್ನು ನಮ್ಮ ನೌಕಾಪಡೆ 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ಸೇರಿಸಿಕೊಂಡಿತು. ಅಜಂತಾ ಗುಹೆಯ ಚಿತ್ರ ನೋಡಿ ಅದರ ರೂಪ ಮಾಡಿದ್ದು. ಗೋವಾದಲ್ಲಿ ಕೇರಳದ ಕುಶಲಕರ್ಮಿಗಳು ಹೊಲಿದದ್ದು.

ಈಗ ಬೇರೆ ದೇಶಕ್ಕೆ ಹೋಗೋಣ. ಇಂಗ್ಲೆಂಡಿನಲ್ಲಿ ಸ್ಯಾಮ್ ಸಾಂಡರ್ಸ್ ಎಂಬ ದೋಣಿ ಕಟ್ಟುವವನಿದ್ದ. ಅವನು 1898ರಲ್ಲಿ 'ಕಾನ್ಸೂಟಾ' ಎಂಬ ಉದ್ದದ ದೋಣಿ ಕಟ್ಟಿದ. ದಪ್ಪ ಹಲಗೆ ಹಾಕಲಿಲ್ಲ. ಮಹಾಗನಿ ಮರದ ತೆಳು ಹಾಳೆಗಳನ್ನು ನಾಲ್ಕು ಪದರ ಮಾಡಿ, ಪದರಗಳ ನಡುವೆ ನೀರು ಹಿಡಿಯದ ಹಾಗೆ ಮಾಡಿದ ಬಟ್ಟೆ ಇಟ್ಟು, ತಾಮ್ರದ ತಂತಿಯಿಂದ ಹೊಲಿದ. ನಾವು ನಾರಿನ ಹುರಿಯಿಂದ ದಪ್ಪ ಹಲಗೆ ಹೊಲಿದರೆ, ಅವನು ತಾಮ್ರದಿಂದ ತೆಳು ಹಾಳೆ ಹೊಲಿದ. ದೋಣಿ ಹಗುರಾಯಿತು, ಗಟ್ಟಿಯೂ ಆಯಿತು. ಹೊಲಿಗೆಯ ಬದಲು ಒಳ್ಳೆಯ ಅಂಟು ಸಿಕ್ಕಿದ್ದರೆ? ಅದಕ್ಕೆ ಇನ್ನೂ ಬಹಳ ವರ್ಷ ಕಾಯಬೇಕಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಸಾಕಾಗದೆ ಇಂಗ್ಲೆಂಡಿನವರು ಮರದ ವಿಮಾನವನ್ನೇ ಕಟ್ಟಿದರು. ಅದರ ಹೆಸರು ಮಾಸ್ಕಿಟೋ, ಅಂದರೆ ಸೊಳ್ಳೆ. 1940ರ ನವೆಂಬರಿನಲ್ಲಿ ಅದು ಮೊದಲು ಹಾರಿತು. ತೆಳು ಮರದ ಹಾಳೆಗಳನ್ನು ಅಚ್ಚಿನ ಮೇಲೆ ಬಗ್ಗಿಸಿ ಅಂಟಿಸಿ, ಅರ್ಧರ್ಧ ಹೊಟ್ಟೆ ಮಾಡಿ, ಆಮೇಲೆ ಎರಡನ್ನೂ ಸೇರಿಸುತ್ತಿದ್ದರು. ಕುರ್ಚಿ ಮೇಜು ಮಾಡುವ ಕಾರ್ಖಾನೆಗಳಲ್ಲಿ ಬಹಳಷ್ಟು ಭಾಗ ತಯಾರಾಯಿತು, ಅಲ್ಲಿ ಸಾವಿರಾರು ಹೆಂಗಸರು ದುಡಿದರು. ಆದರೆ 1944ರಲ್ಲಿ ನಮ್ಮ ಭಾರತಕ್ಕೆ ತಂದಿದ್ದ ಕೆಲವು ಮಾಸ್ಕಿಟೋ ವಿಮಾನಗಳಲ್ಲಿ ಅಂಟಿಸಿದ ಜಾಗ ಬಿಟ್ಟುಕೊಂಡು ಅಪಘಾತವಾಯಿತು. ಕೆಲವು ಕಾಲ ಅವನ್ನು ಹಾರಿಸುವುದನ್ನೇ ನಿಲ್ಲಿಸಿದರು. ಹೊರಗಿಂದ ನೋಡಿದರೆ ಎಲ್ಲ ಚೆಂದವೇ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಕಥೆಯಲ್ಲೂ ಇದು ಬರ್ತದೆ.

ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯಿಂದ ಇಂಗ್ಲೆಂಡಿನ ಹ್ಯಾಂಬಲ್ ಎಂಬಲ್ಲಿ ಫೇರಿ ಮರೀನ್ ಕಂಪನಿಯವರು ಸಣ್ಣ ಹಾಯಿ ದೋಣಿ ಮಾಡಿದರು. ಇಡೀ ದೋಣಿಯನ್ನು ದೊಡ್ಡ ಒಲೆಯೊಳಗೆ ಇಟ್ಟು, ಬಿಸಿ ಮತ್ತು ಒತ್ತಡ ಕೊಟ್ಟು ಅಂಟು ಗಟ್ಟಿ ಮಾಡುತ್ತಿದ್ದರು. ಇದು ಬಿಸಿ ಅಚ್ಚು. ದೋಣಿಯಷ್ಟು ದೊಡ್ಡ ಒಲೆ ಇದ್ದವರಿಗೆ ಮಾತ್ರ ಸಾಧ್ಯ. ನಮ್ಮಂಥವರಿಗೆ ಎಲ್ಲಿಂದ?

ಒಲೆ ಬೇಡ, ಮನೆಯ ಹೊರಗಿನ ಗಾಳಿಯ ಬಿಸಿಯಲ್ಲೇ ಅಂಟು ಗಟ್ಟಿಯಾಗ್ತದೆ ಎಂಬುದಾದರೆ ಅದು ತಣ್ಣನೆಯ ಅಚ್ಚು. ಇದನ್ನೇ ಕೋಲ್ಡ್ ಮೋಲ್ಡಿಂಗ್ ಅನ್ನುತ್ತಾರೆ. ಎಪಾಕ್ಸಿ ಎಂಬ ಅಂಟು ಬಂದ ಮೇಲೆ ಇದು ಸುಲಭವಾಯಿತು. ಅಮೆರಿಕದ ಮಿಶಿಗನ್ ರಾಜ್ಯದ ಬೇ ಸಿಟಿಯಲ್ಲಿ ಗೂಜನ್ ಮನೆತನದ ಮೂವರು ಅಣ್ಣತಮ್ಮಂದಿರು 1969ರ ಹೊತ್ತಿಗೆ ಈ ಕೆಲಸ ಶುರು ಮಾಡಿದರು. ಬರೀ ಅಂಟಿಸುವುದಲ್ಲ, ಮರದ ಒಳಗೂ ಹೊರಗೂ ಎಪಾಕ್ಸಿ ಬಳಿದು ತೇವ ಹೋಗದ ಹಾಗೆ ಮುಚ್ಚಬೇಕು ಎಂಬುದು ಅವರ ದಾರಿ. 1979ರಲ್ಲಿ ತಾವು ಕಲಿತದ್ದನ್ನೆಲ್ಲ ಪುಸ್ತಕ ಮಾಡಿ ಜಗತ್ತಿಗೆ ಕೊಟ್ಟರು. ಅವರೇ ಮುಂದೆ ಗಾಳಿಯಂತ್ರದ ದೊಡ್ಡ ರೆಕ್ಕೆಗಳನ್ನೂ ಮರ ಮತ್ತು ಎಪಾಕ್ಸಿಯಿಂದ ಮಾಡಿದರು.

ತೆಳು ಹಾಳೆಗೆ ಬಲ ಎಲ್ಲಿಂದ?

ಮರ ಸೀಳುವಾಗ ನೋಡಿದ್ದೀರಿ. ಎಳೆಯ ಉದ್ದಕ್ಕೆ ಕೊಡಲಿ ಇಟ್ಟರೆ ಪಟ್ಟಂತ ಸೀಳ್ತದೆ. ಎಳೆಗೆ ಅಡ್ಡ ಕಡಿಯಲು ಹತ್ತು ಏಟು ಬೇಕು. ಅಂದರೆ ಮರಕ್ಕೆ ಒಂದು ದಿಕ್ಕಿನಲ್ಲಿ ಬಲ, ಇನ್ನೊಂದು ದಿಕ್ಕಿನಲ್ಲಿ ದುರ್ಬಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಾಕಲಿಕ್ಕಾಗದೆ ಇರುವುದೂ ಇದಕ್ಕೇ. ಮರ ತೇವ ಹೀರಿದಾಗ ಎಳೆಯ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚು ಕಡಿಮೆ ಇದ್ದ ಹಾಗೇ ಇರುತ್ತದೆ.

ಕೋಲ್ಡ್ ಮೋಲ್ಡಿಂಗ್‌ನಲ್ಲಿ ಸುಮಾರು 3 ಮಿ.ಮೀ. ದಪ್ಪದ ಹಾಳೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ಮೊದಲನೆ ಪದರ ಒಂದು ಕಡೆಗೆ ಓರೆ, ಎರಡನೆಯದು ಅದಕ್ಕೆ ಎದುರು ಓರೆ, ಮೂರನೆಯದು ಬೇಕಾದರೆ ದೋಣಿಯ ಉದ್ದಕ್ಕೆ. ಒಂದರ ಎಳೆಯನ್ನು ಇನ್ನೊಂದರ ಎಳೆ ಅಡ್ಡ ಹಾಯ್ದು ಹಿಡಿದುಕೊಳ್ಳುತ್ತದೆ. ಒಂದು ಸೀಳಲು ಹೋದರೆ ಇನ್ನೊಂದು ಬಿಡುವುದಿಲ್ಲ, ಒಂದು ಉಬ್ಬಲು ಹೋದರೆ ಇನ್ನೊಂದು ತಡೆಯುತ್ತದೆ. ಹಲಗೆ ಹಲಗೆಗಳ ನಡುವೆ ಸಂದಿಯೇ ಇಲ್ಲದ ಕಾರಣ ಹತ್ತಿ ತುರುಕುವ ಕೆಲಸ ಇಲ್ಲ, ವರ್ಷ ವರ್ಷ ಎಣ್ಣೆ ಬಳಿಯುವ ಕೆಲಸವೂ ಇಲ್ಲ. ಮರ ಕೊಳೆಯುವುದು ತೇವ ಒಳಗೆ ನಿಂತರೆ ಮಾತ್ರ. ತೇವವನ್ನೇ ಹೊರಗಿಟ್ಟರೆ ಮರ ಬಹಳ ಕಾಲ ಬಾಳುತ್ತದೆ. ಸಮುದ್ರದ ಮರ ಕೊರೆಯುವ ಹುಳುವಿಗೂ ಒಳಗೆ ಹೋಗಲು ದಾರಿ ಸಿಗುವುದಿಲ್ಲ.

ನಾನು ಕಲಿತದ್ದು, ಕಳೆದುಕೊಂಡದ್ದು

2009ರಲ್ಲಿ ನಮ್ಮವರ ಜೊತೆ ನಾನೂ ಗೋವಾ ಕಡೆ ದುಡಿಯಲು ಹೋದೆ. ಅವರು ದೋಣಿ ಕಟ್ಟುವ ಯಾರ್ಡಿನಲ್ಲಿ ಬಡಗಿ. ನನ್ನನ್ನು ಅಲ್ಲೇ ಹೆಲ್ಪರ್ ಅಂತ ತೆಗೆದುಕೊಂಡರು. ಕಸ ಗುಡಿಸುವುದು, ಸ್ಯಾಂಡ್ ಪೇಪರ್ ಉಜ್ಜುವುದು. ಆರು ತಿಂಗಳಲ್ಲಿ ಅಂಟು ಕಲಸುವುದೂ ನನ್ನ ಪಾಲಿಗೆ ಬಂತು. ಅಡಿಗೆ ಮಾಡಿದ ಕೈಗೆ ಅಳತೆ ಗೊತ್ತಿರ್ತದೆ ಅಂತ ಮೇಸ್ತ್ರಿ ನಗುತ್ತಿದ್ದರು. ಕೆಲಸ ನನಗೆ ಖುಷಿ ಕೊಟ್ಟಿತು, ಸುಳ್ಳು ಹೇಳುವುದಿಲ್ಲ. ಒಂದು ಪಟ್ಟಿ ಅಚ್ಚಿನ ಮೇಲೆ ಸರಿಯಾಗಿ ಕೂತಾಗ ಆಗುವ ಸಂತೋಷ ಬೇರೆಯೇ.

ಆದರೆ ಕೈಗವಸು ಬಡಗಿಗಳಿಗೆ ಮಾತ್ರ ಕೊಡುತ್ತಿದ್ದರು. ಹೆಲ್ಪರ್ ಹೆಂಗಸರಿಗೆ ಇಲ್ಲ. ನಾವೂ ಕೇಳಲಿಲ್ಲ. ಕೈಗೆ ಅಂಟು ಮೆತ್ತಿದರೆ ಥಿನ್ನರ್ ಹಾಕಿ ತೊಳೆಯುವುದು. ಇಷ್ಟೇ ನಮಗೆ ಹೇಳಿಕೊಟ್ಟದ್ದು. ಐದನೇ ವರ್ಷ ಮಣಿಕಟ್ಟು ತುರಿಸಲು ಶುರುವಾಯಿತು. ಸಿಗಡಿ ತಿಂದದ್ದಕ್ಕೆ ಇರಬೇಕು ಅಂತ ಸಿಗಡಿ ಬಿಟ್ಟೆ. ಆಮೇಲೆ ಕಣ್ಣ ರೆಪ್ಪೆ ಊದಿತು. ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲಿಕ್ಕೆ ಆಗ್ತಿರಲಿಲ್ಲ. ಡಾಕ್ಟರು ನೋಡಿ ಒಂದೇ ಮಾತು ಹೇಳಿದರು: "ಈ ಅಲರ್ಜಿ ಒಮ್ಮೆ ಬಂದರೆ ಹೋಗುವುದಿಲ್ಲ. ಕೆಲಸ ಬಿಡಬೇಕು." 2015ರಲ್ಲಿ ಬಿಟ್ಟು ಊರಿಗೆ ಬಂದೆ. ಕೈ ತುಂಬ ಗಾಯ, ಪಾತ್ರೆ ತೊಳೆಯಲೂ ಆಗುತ್ತಿರಲಿಲ್ಲ. ಮಗಳು ಅನ್ನ ಮಾಡಿ ಹಾಕಿದಳು. ಔಷಧಕ್ಕೆ ಹಣ ಕೊಟ್ಟದ್ದು ನಮ್ಮ ಸಂಘ, ವಾರಕ್ಕೆ 20 ರೂಪಾಯಿ ಉಳಿಸಿದ ಹಣ.

ಇದನ್ನು ಹೇಳುವುದು ಕನಿಕರಕ್ಕಲ್ಲ. ಒಂದು ಜೊತೆ ಕೈಗವಸಿನ ಬೆಲೆ ಎಷ್ಟು, ನನ್ನ ಆರು ವರ್ಷದ ವಿದ್ಯೆಯ ಬೆಲೆ ಎಷ್ಟು, ನೀವೇ ಲೆಕ್ಕ ಹಾಕಿ.

ನಮ್ಮ ಸಂಘದ ದೋಣಿ

ನಮ್ಮ ಸಂಘದ ಹನ್ನೆರಡು ಜನರಲ್ಲಿ ಎಂಟು ಜನ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವವರು. ಇಳಿತದ ಹೊತ್ತಿಗೆ ದಿಬ್ಬಕ್ಕೆ ಹೋಗಬೇಕು, ಭರತ ಏರುವ ಮೊದಲು ವಾಪಸು ಬರಬೇಕು. ದೋಣಿ ಬೇರೆಯವರದ್ದು. ಬಾಡಿಗೆ ಕೊಡಬೇಕು, ಅವರು ಕರೆದಾಗ ಹೋಗಬೇಕು, ಎಷ್ಟು ಜನ ತುಂಬಿದರೂ ಬಾಯಿ ಮುಚ್ಚಿಕೊಂಡು ಕೂರಬೇಕು. ಒಮ್ಮೆ ಮೂಟೆ ಹೆಚ್ಚಾಗಿ ದೋಣಿ ಒಂದು ಪಕ್ಕಕ್ಕೆ ವಾಲಿ ಇಬ್ಬರು ನೀರಿಗೆ ಬಿದ್ದರು. ದೇವರ ದಯೆ, ಬದುಕಿದರು. ಅಂದಿನ ಸಭೆಯಲ್ಲಿ "ನಮ್ಮದೇ ದೋಣಿ ಮಾಡಿದರೆ ಹೇಗೆ?" ಎಂಬ ಮಾತು ಬಂತು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಹೇಳಿದೆ, "ನಾನು ಅಂಟು ಮುಟ್ಟುವ ಹಾಗಿಲ್ಲ. ದೂರ ನಿಂತು ಹೇಳ್ತೇನೆ. ನೀವು ಮಾಡ್ತೀರಾದರೆ ಆದೀತು." 75 ಸಾವಿರ ಸಾಲ ತೆಗೆದೆವು. 2019ರ ಫೆಬ್ರವರಿಯಲ್ಲಿ ಕೆಲಸ ಶುರು. ಮೊದಲ ಖರೀದಿ ಮರ ಅಲ್ಲ, ಅಂಟು ಅಲ್ಲ. ಕೈಗವಸಿನ ಪೆಟ್ಟಿಗೆ.

ಕೆಲಸ ಹೀಗೆ ನಡೆಯಿತು. ಊರಿನ ಒಂದು ಹಳೇ ಪಾತಿಯ ಅಳತೆ ತೆಗೆದು, 16 ಅಡಿ ಉದ್ದಕ್ಕೆ ಹೊಂದುವ ಅಡ್ಡ ಚೌಕಟ್ಟುಗಳನ್ನು ನಮ್ಮವರು ಮಾಡಿಕೊಟ್ಟರು. ಅವನ್ನು ನೆಲದ ಮೇಲೆ ಸಾಲಾಗಿ, ತಲೆಕೆಳಗಾಗಿ ನಿಲ್ಲಿಸಿದೆವು. ಮೇಲೆ ಉದ್ದುದ್ದ ರೀಪು ಬಡಿದೆವು. ಬೋರಲು ಬಿದ್ದ ಮೀನಿನ ಮುಳ್ಳಿನ ಹಾಗೆ ಕಾಣುತ್ತಿತ್ತು. ಅದೇ ಅಚ್ಚು. ಅಂಟು ಅಚ್ಚಿಗೆ ಹಿಡಿಯದಿರಲಿ ಅಂತ ರೀಪಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದೆವು.

ಮರದ ಹಾಳೆ ಪ್ಲೈವುಡ್ ಕಾರ್ಖಾನೆಯಿಂದ ಬಂತು. ನಾಲ್ಕೈದು ಇಂಚು ಅಗಲದ ಪಟ್ಟಿ ಮಾಡಿದೆವು. ಮೊದಲ ಪಟ್ಟಿಯನ್ನು ದೋಣಿಯ ನಡುಭಾಗದಲ್ಲಿ ಓರೆಯಾಗಿ ಇಟ್ಟು, ಅಲ್ಲಿಂದ ಎರಡೂ ಕಡೆಗೆ ಹೋಗುವುದು. ದೋಣಿಯ ಹೊಟ್ಟೆ ಉಬ್ಬಿರ್ತದಲ್ಲ, ನೇರ ಪಟ್ಟಿ ಪಕ್ಕ ಪಕ್ಕ ಇಟ್ಟರೆ ಸರಿಯಾಗಿ ಕೂರುವುದಿಲ್ಲ. ಒಂದು ಕಡೆ ಮೇಲೆ ಮೇಲೆ ಬರ್ತದೆ, ಒಂದು ಕಡೆ ಸಂದಿ ಬೀಳ್ತದೆ. ಪ್ರತಿ ಪಟ್ಟಿಯ ಅಂಚನ್ನೂ ಪಕ್ಕದ್ದಕ್ಕೆ ಹೊಂದುವ ಹಾಗೆ ಹೆರೆಯಬೇಕು. ನಮ್ಮಲ್ಲಿ ಟೈಲರಿಂಗ್ ಬಲ್ಲ ಇಬ್ಬರಿದ್ದರು. "ಇದು ಬ್ಲೌಸಿಗೆ ಡಾಟ್ ಹಿಡಿದ ಹಾಗೇ" ಅಂತ ಅವರು ಎರಡೇ ದಿನದಲ್ಲಿ ಕಲಿತರು. ಯಾರ್ಡಿನಲ್ಲಿ ನಾನು ಕಲಿಯಲು ಎರಡು ತಿಂಗಳು ಹಿಡಿದಿತ್ತು.

ಪಟ್ಟಿಗೆ ಅಂಟು ಬಳಿದು, ಕೆಳಗಿನ ಪದರಕ್ಕೂ ಬಳಿದು, ಒತ್ತಿ, ಸ್ಟೇಪಲ್ ಪಿನ್ನು ಹೊಡೆಯಬೇಕು. ಪಿನ್ನಿನ ಕೆಳಗೆ ಪ್ಲಾಸ್ಟಿಕ್ ಪಟ್ಟಿ ಇಟ್ಟರೆ ಆಮೇಲೆ ಎಳೆದು ಕೀಳಲು ಸುಲಭ. ಅಂಚಿನಿಂದ ಅಂಟು ಸ್ವಲ್ಪ ಹೊರಗೆ ಬಂದರೆ ಒಳಗೆ ತುಂಬಿದೆ ಅಂತ ಅರ್ಥ. ಅಂಟು ಗಟ್ಟಿಯಾದ ಮೇಲೆ ಪಿನ್ನು ಪೂರ್ತಿ ಕಿತ್ತು, ಉಜ್ಜಿ ನಯಮಾಡಿ, ಮುಂದಿನ ಪದರ. ದೋಣಿಯಲ್ಲಿ ಕೊನೆಗೆ ಉಳಿಯುವುದು ಮರ ಮತ್ತು ಅಂಟು, ಪಿನ್ನು ಅಲ್ಲ.

ಟೊಳ್ಳು ಸದ್ದು

ಮೊದಲ ಪದರ ಏಪ್ರಿಲ್‌ನಲ್ಲಿ ಮುಗಿಯಿತು. ಮೇಲೆ ಎಪಾಕ್ಸಿಯ ಒಂದು ಕೋಟ್ ಹೊಡೆದೆವು. ಆಮೇಲೆ ಮದುವೆ ಸೀಸನ್, ಮಕ್ಕಳ ಶಾಲೆ ಶುರು, ಕೆಲಸ ನಿಂತಿತು. ಮತ್ತೆ ಕೈ ಹಾಕಿ ಹಿಂದಿನ ಭಾಗಕ್ಕೆ ಒಂದು ಕೋಟ್ ಹೊಡೆಯುವಾಗ ಜೂನ್. ಮಳೆ ಹಿಡಿದಿತ್ತು. ತಗಡಿನ ಮಾಡು ಇತ್ತು ನಿಜ, ಆದರೆ ಗಾಳಿಯಲ್ಲೇ ನೀರಿತ್ತು.

ತೇವದ ಹವೆಯಲ್ಲಿ ಎಪಾಕ್ಸಿ ಗಟ್ಟಿಯಾಗುವಾಗ ಅದರ ಮೇಲೆ ಮೇಣದ ಹಾಗೆ ಒಂದು ಜಿಡ್ಡು ಕೂರುತ್ತದೆ. ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕೈಗೆ ತಿಳಿಯುತ್ತದೆ. ಬರೀ ನೀರು ಹಾಕಿ ಒರಟು ನಾರಿನಿಂದ ಉಜ್ಜಿ ತೊಳೆದರೆ ಹೋಗುತ್ತದೆ. ತೊಳೆಯದೆ ಮೇಲೆ ಅಂಟಿಸಿದರೆ ಹಿಡಿಯುವುದಿಲ್ಲ. ನನಗೆ ಇದು ಗೊತ್ತಿತ್ತು. ಆದರೆ ಕೈ ಹಾಕಿ ನೋಡುವ ಹಾಗಿರಲಿಲ್ಲ, ದೂರದಿಂದ ನೋಡಿ "ಸರಿ ಇದೆ" ಅಂದೆ. ತಪ್ಪು ನನ್ನದು.

ಮೂರು ಪದರವೂ ಮುಗಿದು ಪಿನ್ನು ಕಿತ್ತ ಮೇಲೆ ಒಂದು ಸಂಜೆ ನಾನು ಐದು ರೂಪಾಯಿ ನಾಣ್ಯದಿಂದ ದೋಣಿಯ ಮೈ ತಟ್ಟುತ್ತಾ ಹೋದೆ. ಯಾರ್ಡಿನ ಅಭ್ಯಾಸ. ಗಟ್ಟಿ ಜಾಗ ಟಕ್ ಟಕ್ ಅನ್ನುತ್ತದೆ. ಹಿಂದಿನ ಎಡಭಾಗದಲ್ಲಿ ಎರಡು ಮೊರದಷ್ಟು ಜಾಗ ಡಬ್ ಡಬ್ ಅಂದಿತು. ಹೊರಗಿನಿಂದ ನೋಡಿದರೆ ಏನೂ ಇಲ್ಲ, ನಯವಾಗಿ ಹೊಳೆಯುತ್ತಿತ್ತು. ಒಳಗೆ ಪದರ ಹಿಡಿದಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಎರಡು ತಿಂಗಳ ಕೆಲಸ, ಮತ್ತೆ ಖರ್ಚು, ಮೇಲೆ ಸಾಲದ ಕಂತು. ಬೆಳಿಗ್ಗೆ ಹೋಗಿ ಅಧ್ಯಕ್ಷೆಗೆ ಹೇಳಿದೆ. ಸಂಜೆ ಸಭೆ ಕರೆದರು.

ಜಗಳವೇ ಆಯಿತು ಅನ್ನಿ. ಕೆಲವರು, "ಮೇಲೆ ಫೈಬರ್ ಬಟ್ಟೆ ಹಾಕ್ತೇವಲ್ಲ, ಹಿಡಿದುಕೊಳ್ತದೆ. ಮಳೆ ಬಿಟ್ಟ ಕೂಡಲೇ ಇಳಿಸೋಣ, ಕಂತು ಕಟ್ಟಬೇಕು" ಅಂದರು. ಅವರದ್ದೂ ತಪ್ಪಲ್ಲ, ಮನೆಯಲ್ಲಿ ಅಕ್ಕಿ ಲೆಕ್ಕ ಇರುವವರು. ಆಗ ನೀರಿಗೆ ಬಿದ್ದು ಬದುಕಿದ ಇಬ್ಬರಲ್ಲಿ ಒಬ್ಬಳು ಎದ್ದು ನಿಂತಳು. ಅವಳು ಸಭೆಯಲ್ಲಿ ಮಾತಾಡುವವಳೇ ಅಲ್ಲ. "ಆ ಎಡಭಾಗದಲ್ಲಿ ಕೂರುವವರು ಯಾರು ಅಂತ ಈಗಲೇ ಹೆಸರು ಬರೆಯಿರಿ. ಆಮೇಲೆ ಇಳಿಸುವ" ಅಂದಳು. ಯಾರೂ ಹೆಸರು ಕೊಡಲಿಲ್ಲ.

ಕಿತ್ತೆವು. ಮಳೆ ಬಿಡುವವರೆಗೆ ಕಾದು, ಉಳಿಯಿಂದ ಹಿಡಿಯದ ಪದರವನ್ನು ಬಿಡಿಸಿ, ಗಟ್ಟಿ ಜಾಗ ಸಿಗುವವರೆಗೆ ಹೋದೆವು. ಮೆಟ್ಟಿಲು ಮೆಟ್ಟಿಲಾಗಿ, ಮೇಲಿನ ಪದರ ಕೆಳಗಿನದಕ್ಕಿಂತ ಅಗಲವಾಗಿ ಕತ್ತರಿಸಿದೆವು. ಹಾಗೆ ಮಾಡಿದರೆ ಹೊಸ ತುಂಡಿನ ಜೋಡಣೆಗಳು ಒಂದೇ ಗೆರೆಯಲ್ಲಿ ಬರುವುದಿಲ್ಲ. ತೊಳೆದು, ಒಣಗಿಸಿ, ಉಜ್ಜಿ, ಮತ್ತೆ ಅಂಟಿಸಿದೆವು. 11 ಸಾವಿರ ಹೆಚ್ಚು ಖರ್ಚಾಯಿತು, ಎರಡು ಕಂತು ತಡವಾಯಿತು. ಮಹಾಸಂಘದವರಿಗೆ ಕಾರಣ ಬರೆದು ಕೊಟ್ಟೆವು, ಅವರು ಒಪ್ಪಿದರು. ಹೊರಗೆ ಫೈಬರ್ ಬಟ್ಟೆ, ಮೇಲೆ ಬಣ್ಣ. ಬಣ್ಣ ಚೆಂದಕ್ಕಲ್ಲ. ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ, ಬಣ್ಣ ಇಲ್ಲದಿದ್ದರೆ ಪುಡಿಯಾಗ್ತಾ ಹೋಗ್ತದೆ. 2019ರ ನವೆಂಬರಿನಲ್ಲಿ ದೋಣಿ ಇಳಿಸಿದೆವು. ಇವತ್ತಿಗೂ ಓಡ್ತಾ ಇದೆ. ಎಷ್ಟು ಜನ, ಎಷ್ಟು ಮೂಟೆ ಅಂತ ದೋಣಿಯ ಒಳಗೇ ಬಣ್ಣದಲ್ಲಿ ಬರೆದಿದ್ದೇವೆ. ಅದಕ್ಕಿಂತ ಒಬ್ಬರೂ ಹೆಚ್ಚು ಹತ್ತುವ ಹಾಗಿಲ್ಲ, ಅಧ್ಯಕ್ಷೆಯಾದರೂ ಸರಿ.

ರೆಸಿನ್ ಕೆಲಸಕ್ಕೆ ಹೊರಟವರಿಗೆ

ಈಗ ಅರ್ಜಿ ಕೊಟ್ಟ ಸಹೋದರಿಯರಿಗೆ. ಕೆಲಸ ಬೇಡ ಅಂತ ನಾನು ಹೇಳುವುದಿಲ್ಲ. ಮಾಡಿ. ಆದರೆ ಈ ಮಾತುಗಳನ್ನು ಗೋಡೆಗೆ ಬರೆದು ಹಚ್ಚಿ ಮಾಡಿ. ಕೀ ಚೈನ್ ಮಾಡುವ ರೆಸಿನ್ನೂ ದೋಣಿಯ ಅಂಟೂ ಹೆಚ್ಚಾಗಿ ಒಂದೇ ಜಾತಿ.

1. ನೈಟ್ರೈಲ್ ಕೈಗವಸು ಇಲ್ಲದೆ ಡಬ್ಬಿ ತೆರೆಯಬೇಡಿ. ಹರಿದರೆ ಕೂಡಲೇ ಬದಲಿಸಿ. ತುಂಬು ತೋಳಿನ ಹಳೇ ಅಂಗಿ ಹಾಕಿ. ಆ ಕೈಯಿಂದ ಮುಖ, ಕಣ್ಣು, ಮೊಬೈಲ್ ಮುಟ್ಟಬೇಡಿ.

2. ಕೈಗೆ ಮೆತ್ತಿದರೆ ಥಿನ್ನರ್, ಪೆಟ್ರೋಲು ಹಾಕಿ ತೊಳೆಯಬೇಡಿ. ಅದು ರೆಸಿನ್ನನ್ನು ಚರ್ಮದ ಒಳಗೆ ಇಳಿಸುತ್ತದೆ. ಬಟ್ಟೆಯಿಂದ ಒರೆಸಿ, ಸೋಪು ಹಾಕಿ ತೊಳೆಯಿರಿ.

3. ರೆಸಿನ್ ಮತ್ತು ಹಾರ್ಡನರ್ ಅಳತೆ ಡಬ್ಬಿಯ ಮೇಲೆ ಬರೆದಷ್ಟೇ. ಒಂದೊಂದು ಕಂಪನಿಯದ್ದು ಒಂದೊಂದು ಅಳತೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಹೆಚ್ಚು ಹಾಕಿದರೆ ಅದು ಯಾವತ್ತೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಇದು ಸಾರಿಗೆ ಹುಳಿ ಹಾಕಿದ ಹಾಗಲ್ಲ.

4. ಸ್ವಲ್ಪ ಸ್ವಲ್ಪವೇ ಕಲಸಿ, ಕೂಡಲೇ ಅಗಲವಾದ ತಟ್ಟೆಗೆ ಸುರಿಯಿರಿ. ಆಳದ ಮಗ್ಗಿನಲ್ಲಿ ಬಿಟ್ಟರೆ ತನ್ನಷ್ಟಕ್ಕೆ ಬಿಸಿಯೇರಿ ಹೊಗೆ ಬರುತ್ತದೆ. ಪ್ಲಾಸ್ಟಿಕ್ ಮಗ್ಗು ಕರಗಿದ್ದು ನಾನು ಕಣ್ಣಾರೆ ನೋಡಿದ್ದೇನೆ.

5. ಪೂರ್ತಿ ಗಟ್ಟಿಯಾಗದೆ ಉಜ್ಜಬೇಡಿ. ಉಜ್ಜುವಾಗ ಮಾಸ್ಕ್ ಕಡ್ಡಾಯ. ಅರ್ಧ ಗಟ್ಟಿಯಾದ ಧೂಳು ಬಹಳ ಕೆಟ್ಟದ್ದು. ಮರದ ಧೂಳೂ ಒಳ್ಳೇದಲ್ಲ.

6. ಅಡಿಗೆ ಮನೆಯಲ್ಲಿ ಈ ಕೆಲಸ ಬೇಡ. ಗಾಳಿ ಆಡುವ ಬೇರೆ ಜಾಗ ಮಾಡಿ. ಚಮಚ, ಬಟ್ಟಲು ಬೇರೆ ಇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

7. ಯಾರಿಗಾದರೂ ತುರಿಕೆ ಬಂದರೆ ಮುಚ್ಚಿಡಬೇಡಿ. ಆ ದಿನವೇ ಅವರನ್ನು ಅಂಟಿನ ಕೆಲಸದಿಂದ ಬೇರೆ ಕೆಲಸಕ್ಕೆ ಹಾಕಿ, ಡಾಕ್ಟರಿಗೆ ತೋರಿಸಿ. ಅವರ ಕೂಲಿ ಕಡಿಮೆ ಮಾಡಬೇಡಿ. ಕೂಲಿ ಕಡಿಮೆಯಾಗುವುದಾದರೆ ಯಾರೂ ಹೇಳುವುದಿಲ್ಲ, ನಾನೂ ಹಾಗೇ ಒಂದು ವರ್ಷ ಹೇಳದೆ ಕೂತೆ.

8. ಸಾಲದ ಅಂದಾಜು ಪಟ್ಟಿಯಲ್ಲಿ ಕೈಗವಸು, ಮಾಸ್ಕ್ ಖರ್ಚು ಮೊದಲ ಸಾಲಿನಲ್ಲಿರಲಿ. ಮಳೆಗಾಲದ ನಾಲ್ಕು ತಿಂಗಳು ಅಂಟಿನ ಕೆಲಸ ನಿಧಾನ ಎಂದೇ ಕಂತು ಲೆಕ್ಕ ಹಾಕಿ. ನಾವು ಹಾಕಲಿಲ್ಲ, ಅದಕ್ಕೇ ಅವಸರ ಮಾಡಿದೆವು.

ಗೇರುಬೀಜ ಕಾರ್ಖಾನೆಯಲ್ಲಿ ದುಡಿದ ಅಕ್ಕಂದಿರು ಇಲ್ಲಿ ಬಹಳ ಇದ್ದೀರಿ. ಸಿಪ್ಪೆಯ ಎಣ್ಣೆ ಕೈ ಸುಡುವುದು ನಿಮಗೆ ಗೊತ್ತು. ಅದೇ ಎಣ್ಣೆಯನ್ನು ನಮ್ಮ ಹಿರಿಯರು ದೋಣಿಗೆ ಬಳಿಯುತ್ತಿದ್ದರು. ಈಗ ಅದೇ ಎಣ್ಣೆಯಿಂದ ಎಪಾಕ್ಸಿಗೆ ಹಾಕುವ ಒಂದು ಬಗೆಯ ಹಾರ್ಡನರನ್ನೂ ಮಾಡುತ್ತಾರೆ, ಹಡಗಿನ ಬಣ್ಣಕ್ಕೆ ಅದು ಬಳಕೆಯಾಗುತ್ತದೆ. ನೋಡಿ, ಅದೇ ಕೈಗಳು, ಅದೇ ಎಣ್ಣೆ, ಹೊಸ ರೂಪ. ಕೈ ಕಾಪಾಡಿಕೊಳ್ಳುವ ಬುದ್ಧಿಯೂ ಜೊತೆಗೆ ಬರಬೇಕು.

ಕೊನೆಯ ಮಾತು

ಗೋವಾದಲ್ಲಿ ಕಟ್ಟಿದ 'ತಾರಿಣಿ' ಎಂಬ ಹಾಯಿ ದೋಣಿಯಲ್ಲಿ ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು 2017ರ ಸೆಪ್ಟೆಂಬರಿನಲ್ಲಿ ಹೊರಟು 2018ರ ಮೇ ತಿಂಗಳಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಬಂದರು. 2024ರ ಅಕ್ಟೋಬರಿನಿಂದ 2025ರ ಮೇ ತನಕ ಅದೇ ದೋಣಿಯಲ್ಲಿ ಇಬ್ಬರೇ ಹೋಗಿ ಬಂದರು. ನಮ್ಮ ದೋಣಿ ಅಳಿವೆ ದಾಟುವುದಿಲ್ಲ. ಆದರೆ ನಮ್ಮ ಮಟ್ಟಿಗೆ ಅದೇ ನಮ್ಮ ಪ್ರಪಂಚ ಪರ್ಯಟನೆ. ಭರತ ಏರುವ ಮೊದಲು ಹೊರಡೋಣ ಅಂತ ನಾವೇ ಹೇಳ್ತೇವೆ, ನಾವೇ ಹೊರಡ್ತೇವೆ.

ಸಂಘದ ಸಭೆಗಳಲ್ಲಿ ಒಗ್ಗಟ್ಟು ಅಂತ ನಾವು ಯಾವಾಗಲೂ ಹೇಳ್ತೇವೆ. ಎಲ್ಲರೂ ಒಂದೇ ದಿಕ್ಕಿಗೆ ತಲೆ ಆಡಿಸುವುದು ಒಗ್ಗಟ್ಟು ಅಂತ ನಾನೂ ತಿಳಿದಿದ್ದೆ. ಮೂರು ಹಾಳೆಯ ಎಳೆಯೂ ಒಂದೇ ದಿಕ್ಕಿಗಿದ್ದರೆ ಆ ದೋಣಿ ಒಂದೇ ಏಟಿಗೆ ಸೀಳಿಹೋಗ್ತದೆ. ಅಂದು ಸಭೆಯಲ್ಲಿ ಅಡ್ಡ ಮಾತಾಡಿದ ಆ ನಮ್ಮ ತಂಗಿ ಇರದಿದ್ದರೆ ಟೊಳ್ಳು ದೋಣಿಯಲ್ಲೇ ನಾವು ನೀರಿಗಿಳಿಯುತ್ತಿದ್ದೆವು. ಆದ್ದರಿಂದ ನಿಮ್ಮ ಸಭೆಯಲ್ಲಿ ಅಡ್ಡ ಮಾತಾಡುವವಳನ್ನು ಕೂರಿಸಬೇಡಿ, ಕೇಳಿ. ಲೆಕ್ಕದ ಪುಸ್ತಕವನ್ನೂ ಆಗಾಗ ನಾಣ್ಯದಿಂದ ತಟ್ಟಿ ನೋಡಿ. ಎಲ್ಲಿ ಡಬ್ ಡಬ್ ಅನ್ನುತ್ತದೋ ಅಲ್ಲಿ ಬಣ್ಣ ಬಳಿಯಬೇಡಿ, ಬಿಚ್ಚಿ.

ನನ್ನ ಕೈ ಮತ್ತೆ ಅಂಟು ಮುಟ್ಟುವುದಿಲ್ಲ. ನಿಮ್ಮ ಕೈ ಮುಟ್ಟಬಹುದು, ಗವಸು ಹಾಕಿಕೊಂಡು. ದೋಣಿ ನೋಡಬೇಕಾದವರು ಬನ್ನಿ, ತಟ್ಟಿ ನೋಡಿ.